ಗದ್ದಲದ ರಂಗಕ್ಕೆ ಹಾಡುವ ಮೈಕ್: ಯಾವುದನ್ನು ಆರಿಸಬೇಕು, ಏಕೆ

ಮೈಕ್ ಕೊಳ್ಳಲು ಅಂಗಡಿಗೆ ಬಂದವರು ಸಾಮಾನ್ಯವಾಗಿ ಅದನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು ‘ಹಲೋ, ಹಲೋ’ ಎನ್ನುತ್ತಾರೆ. ಅಷ್ಟು ದೂರದಿಂದಲೂ ದನಿ ಸ್ಪಷ್ಟವಾಗಿ ಕೇಳಿದರೆ ‘ಚೆನ್ನಾಗಿ ಎಳೆಯುತ್ತದೆ’ ಎಂದು ಮೆಚ್ಚಿ ಒಯ್ಯುತ್ತಾರೆ. ಭಾಷಣಕ್ಕೆ, ಪ್ರವಚನಕ್ಕೆ, ಮದುವೆ ಮಂಟಪದ ಮಂತ್ರಕ್ಕೆ ಈ ಪರೀಕ್ಷೆ ತಪ್ಪಲ್ಲ. ಆದರೆ ಚೆಂಡೆ ಮೊಳಗುವ ಯಕ್ಷಗಾನದ ರಂಗಸ್ಥಳದಲ್ಲಿ, ಡ್ರಮ್ ಸೆಟ್ಟೂ ಗಿಟಾರ್ ಆಂಪ್ಲಿಫೈಯರೂ ಇರುವ ರಸಮಂಜರಿ ವೇದಿಕೆಯಲ್ಲಿ, ಡೊಳ್ಳಿನ ಪಕ್ಕದಲ್ಲೇ ನಿಂತು ಪದ ಹೇಳಬೇಕಾದ ಕಡೆಯಲ್ಲಿ ಇದೇ ಪರೀಕ್ಷೆ ದಾರಿ ತಪ್ಪಿಸುತ್ತದೆ. ಅಲ್ಲಿ ಒಂದು ಗೇಣು ದೂರದ ದನಿಯನ್ನು ಹಿಡಿಯುವ ಮೈಕ್ ನಾಲ್ಕು ಗೇಣು ದೂರದ ಚೆಂಡೆಯನ್ನೂ ಹಿಡಿಯುತ್ತದೆ, ಹಾಡುವವರಿಗೆ ತಮ್ಮ ದನಿ ಕೇಳಲೆಂದು ಎದುರಿಗಿಟ್ಟ ಸ್ಪೀಕರಿನ, ಅಂದರೆ ಮಾನಿಟರಿನ, ಸದ್ದನ್ನೂ ಹಿಡಿಯುತ್ತದೆ, ಕೊನೆಗೆ ಹಾಡುಗಾರರ ಸಾಹಿತ್ಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಭೆಗೆ ತಲುಪುತ್ತದೆ.

ಇಂಥ ರಂಗಕ್ಕೆ ಮೈಕ್ ಆರಿಸುವವರು ಬ್ರ್ಯಾಂಡಿನ ಹೆಸರನ್ನು ಕೇಳುವ ಮೊದಲು ತಮ್ಮ ರಂಗದ ನಕ್ಷೆಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ. ಹಾಡುವವರ ಬಾಯಿ ಎಲ್ಲಿದೆ, ಮೈಕ್ ಯಾವ ಕಡೆಗೆ ಮುಖ ಮಾಡಿದೆ, ಅತಿ ಜೋರಿನ ವಾದ್ಯ ಆ ಮುಖಕ್ಕೆ ಯಾವ ಕೋನದಲ್ಲಿದೆ, ಮಾನಿಟರ್ ಯಾವ ಕೋನದಲ್ಲಿದೆ ಎಂಬುದು ಗೊತ್ತಾದರೆ ಯಾವ ಜಾತಿಯ ಮೈಕ್ ಬೇಕೆಂಬುದು ಬಹುಪಾಲು ತಾನಾಗಿಯೇ ತೀರ್ಮಾನವಾಗುತ್ತದೆ. ಅದೇ ಜಾತಿಯ ಎರಡು ಒಳ್ಳೆಯ ಮೈಕುಗಳ ನಡುವಿನ ವ್ಯತ್ಯಾಸ ಅನಂತರದ ಮಾತು.

ಡೈನಮಿಕ್ ಮೈಕೇ ಏಕೆ

ಡೈನಮಿಕ್ ಮೈಕಿನ ಒಳಗೆ ತೆಳುವಾದ ಒಂದು ಪೊರೆ, ಅದಕ್ಕೆ ಅಂಟಿಸಿದ ಸಣ್ಣ ತಂತಿಯ ಸುರುಳಿ, ಸುರುಳಿಯ ಸುತ್ತ ಒಂದು ಅಯಸ್ಕಾಂತ ಇರುತ್ತವೆ. ದನಿ ಬಡಿದಾಗ ಪೊರೆಯೊಂದಿಗೆ ಸುರುಳಿಯೂ ಅಲುಗಾಡಿ ವಿದ್ಯುತ್ತು ಹುಟ್ಟುತ್ತದೆ. ಹೊರಗಿನಿಂದ ಕರೆಂಟು ಬೇಕಿಲ್ಲ, ಒಳಗೆ ಸರ್ಕ್ಯೂಟ್ ಇಲ್ಲ, ಆದ್ದರಿಂದ ಕೆಡುವುದಕ್ಕೆ ಹೆಚ್ಚಿನದೇನೂ ಇಲ್ಲ. ಕರಾವಳಿಯ ಉಪ್ಪುಗಾಳಿ, ಬಯಲಾಟದ ಇಬ್ಬನಿ, ಲಾರಿಯಲ್ಲಿ ನೂರು ಮೈಲಿ ಕುಲುಕಾಟ ಇವನ್ನೆಲ್ಲ ಸಹಿಸಿಕೊಂಡು ವರ್ಷಗಟ್ಟಲೆ ದುಡಿಯುವ ಗುಣ ಇದಕ್ಕೆ ಬಂದದ್ದು ಹೀಗೆ. ಮನುಷ್ಯ ಎಷ್ಟೇ ಗಟ್ಟಿಯಾಗಿ ಹಾಡಿದರೂ ಒಳ್ಳೆಯ ಡೈನಮಿಕ್ ಮೈಕಿನಲ್ಲಿ ದನಿ ಒಡೆಯುವುದಿಲ್ಲ. ಹಾಡುವಾಗ ದನಿ ಒಡೆದು ಕೇಳಿದರೆ ಅದು ಬಹುಮಟ್ಟಿಗೆ ಮಿಕ್ಸರಿನಲ್ಲಿ ಗೇನ್, ಅಂದರೆ ಮೈಕಿನಿಂದ ಬಂದದ್ದನ್ನು ಹಿಗ್ಗಿಸುವ ಮಟ್ಟ, ಅತಿಯಾಗಿರುವುದರ ಗುರುತು.

ಕಂಡೆನ್ಸರ್ ಮೈಕಿನಲ್ಲಿ ಪೊರೆಗೆ ಸುರುಳಿಯ ಭಾರ ಇಲ್ಲದ ಕಾರಣ ಅದು ತಾಳ, ಸಿಂಬಲ್‌ಗಳಂಥ ಹೆಚ್ಚು ಶ್ರುತಿಯ ಸೂಕ್ಷ್ಮ ಸದ್ದನ್ನು ಇನ್ನಷ್ಟು ನಿಖರವಾಗಿ ಹಿಡಿಯುತ್ತದೆ. ಗದ್ದಲದ ರಂಗದಲ್ಲಿ ಆ ನಿಖರತೆ ಹಾಡಿಗೆ ಸಿಗುವುದಕ್ಕಿಂತ ಸುತ್ತಲಿನ ವಾದ್ಯಗಳಿಗೆ ಹೆಚ್ಚು ಸಿಗುತ್ತದೆ. ಶಾಸ್ತ್ರೀಯ ಗಾಯನದ ಕಛೇರಿಯಲ್ಲಿ ಕಂಡೆನ್ಸರ್ ಒಪ್ಪುತ್ತದೆ. ಚೆಂಡೆಯ ಪಕ್ಕದಲ್ಲಿ ನಾನು ಅದನ್ನು ಇಡುವುದಿಲ್ಲ.

ಇಲ್ಲಿಯೇ ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಪೆಟ್ಟಿಗೆಯ ಮೇಲೆ ಬರೆದ ಸೆನ್ಸಿಟಿವಿಟಿಯ ಅಂಕಿ ಹೆಚ್ಚಿದ್ದರೆ ಮೈಕ್ ಬೇಗ ಕುಯ್‌ಗುಡುತ್ತದೆ ಎಂದು ಅನೇಕರು ನಂಬಿದ್ದಾರೆ. ಆ ಅಂಕಿ ಹೇಳುವುದು ಇಷ್ಟು ದನಿಗೆ ಇಷ್ಟು ಮಿಲಿವೋಲ್ಟ್ ಹುಟ್ಟುತ್ತದೆ ಎಂಬುದನ್ನು ಮಾತ್ರ. ಹೆಚ್ಚು ಹುಟ್ಟಿದರೆ ಮಿಕ್ಸರಿನ ಗೇನನ್ನು ಅಷ್ಟೇ ಇಳಿಸುತ್ತೇವೆ, ಲೆಕ್ಕ ಸರಿಹೋಗುತ್ತದೆ. ಈ ಕುಯ್‌ಗುಡುವಿಕೆ, ಅಂದರೆ ಫೀಡ್‌ಬ್ಯಾಕ್, ಹುಟ್ಟುವುದು ಹಾಡುಗಾರರ ದನಿಗೂ ಮಾನಿಟರಿನಿಂದ ಮರಳಿ ಬರುವ ದನಿಗೂ ಇರುವ ಅನುಪಾತ ಕೆಟ್ಟಾಗ. ಆ ಅನುಪಾತವನ್ನು ತಿದ್ದುವ ಸಾಧನಗಳು ಅಂತರ ಮತ್ತು ಕೋನ.

ಅಂತರದ ಲೆಕ್ಕ ಸರಳವಾಗಿದೆ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧವಾದಾಗಲೆಲ್ಲ ಮೈಕಿಗೆ ತಲುಪುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಹತ್ತು ಸೆಂಟಿಮೀಟರಿನಿಂದ ಐದಕ್ಕೆ ಬಂದರೆ 6, ಐದರಿಂದ ಎರಡೂವರೆಗೆ ಬಂದರೆ ಒಟ್ಟು 12 ಡೆಸಿಬೆಲ್. ಒಂದು ಮೀಟರ್ ಆಚೆಗಿರುವ ಚೆಂಡೆಗೆ ಈ ಏಳೆಂಟು ಸೆಂಟಿಮೀಟರ್ ಲೆಕ್ಕಕ್ಕೇ ಬರುವುದಿಲ್ಲವಾದ್ದರಿಂದ ಅದರ ಸದ್ದು ಇದ್ದಷ್ಟೇ ಇರುತ್ತದೆ. ಅಂದರೆ ನಾಲ್ಕು ಬೆರಳು ದೂರದಿಂದ ಹಾಡುತ್ತಿದ್ದವರು ಒಂದು ಬೆರಳಿನ ದೂರಕ್ಕೆ ಬಂದರೆ ಹಾಡು ಮತ್ತು ಗದ್ದಲದ ನಡುವೆ 12 ಡೆಸಿಬೆಲ್ ಲಾಭ ಸಿಗುತ್ತದೆ. ಸುತ್ತಲಿಂದಲೂ ಬರುವ ಗದ್ದಲದ ವಿಷಯದಲ್ಲಿ ಮೈಕಿನ ಜಾತಿ ಬದಲಿಸಿ ಪಡೆಯುವ ಲಾಭ ಎಷ್ಟೆಂದು ಮುಂದೆ ಹೇಳುತ್ತೇನೆ. ಆಗ ಈ 12ರ ಬೆಲೆ ತಿಳಿಯುತ್ತದೆ.

ಮೂರು ಜಾತಿ, ಮೂರು ಕಿವುಡು ದಿಕ್ಕು

ರಂಗದಲ್ಲಿ ಬಳಸುವ ಹಾಡಿನ ಮೈಕುಗಳು ಕಾರ್ಡಿಯಾಯ್ಡ್, ಸೂಪರ್‌ಕಾರ್ಡಿಯಾಯ್ಡ್, ಹೈಪರ್‌ಕಾರ್ಡಿಯಾಯ್ಡ್ ಎಂಬ ಮೂರು ಜಾತಿಗೆ ಸೇರುತ್ತವೆ. ಮೂರೂ ಮುಂದಿನದನ್ನು ಚೆನ್ನಾಗಿ ಕೇಳುತ್ತವೆ. ವ್ಯತ್ಯಾಸ ಇರುವುದು ಅವು ಯಾವ ದಿಕ್ಕಿಗೆ ಕಿವುಡಾಗಿವೆ ಎಂಬುದರಲ್ಲಿ. ಕಾರ್ಡಿಯಾಯ್ಡ್ ನೇರ ಹಿಂದಕ್ಕೆ, ಅಂದರೆ 180 ಡಿಗ್ರಿಯಲ್ಲಿ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಎರಡೂ ಬದಿಯ ಹಿಂಭಾಗದಲ್ಲಿ, ಸುಮಾರು 126 ಡಿಗ್ರಿಯಲ್ಲಿ ಕಿವುಡು. ಆದರೆ ನೇರ ಹಿಂದಿನಿಂದ ಬರುವುದನ್ನು ಮುಂದಿನದಕ್ಕಿಂತ 12 ಡೆಸಿಬೆಲ್‌ನಷ್ಟು ಮಾತ್ರ ಕಡಿಮೆ ಕೇಳುತ್ತದೆ. ಹೈಪರ್‌ಕಾರ್ಡಿಯಾಯ್ಡ್ ಸುಮಾರು 110 ಡಿಗ್ರಿಯಲ್ಲಿ ಕಿವುಡು. ಅದರ ಬೆನ್ನು ಇನ್ನೂ ತೆರೆದಿದ್ದು, ಅಲ್ಲಿ ಇಳಿಕೆ ಬರಿಯ 6 ಡೆಸಿಬೆಲ್. ನೇರ ಪಕ್ಕಕ್ಕೆ, ಅಂದರೆ 90 ಡಿಗ್ರಿಯಲ್ಲಿ, ಕಾರ್ಡಿಯಾಯ್ಡ್ 6, ಸೂಪರ್ ಹತ್ತಿರ ಹತ್ತಿರ 9, ಹೈಪರ್ 12 ಡೆಸಿಬೆಲ್ ಕಡಿಮೆ ಕೇಳುತ್ತವೆ. ಇವು ಶಾಸ್ತ್ರದ ಅಂಕಿಗಳು. ನಿಜವಾದ ಮೈಕಿನಲ್ಲಿ ಶ್ರುತಿ ಬದಲಾದಂತೆ ಇವೂ ಸ್ವಲ್ಪ ಬದಲಾಗುತ್ತವೆ, ಆದರೂ ದಿಕ್ಕು ತೋರಿಸಲು ಇಷ್ಟು ಸಾಕು.

ಸದ್ದು ಒಂದೇ ದಿಕ್ಕಿನಿಂದ ಬಾರದೆ ಗೋಡೆ, ಛಾವಣಿಗಳಿಗೆ ಬಡಿದು ಎಲ್ಲ ಕಡೆಯಿಂದಲೂ ಸಮನಾಗಿ ತುಂಬಿಕೊಂಡಿದ್ದರೆ ಈ ಮೂರು ಜಾತಿಗಳ ನಡುವಿನ ಅಂತರ ಅಚ್ಚರಿಯಾಗುವಷ್ಟು ಚಿಕ್ಕದಾಗುತ್ತದೆ. ಕಾರ್ಡಿಯಾಯ್ಡಿಗಿಂತ ಸೂಪರ್ ಸುಮಾರು 1 ಡೆಸಿಬೆಲ್, ಹೈಪರ್ ಒಂದೂಕಾಲು ಡೆಸಿಬೆಲ್‌ನಷ್ಟು ಮಾತ್ರ ಹೆಚ್ಚು ತಡೆಯುತ್ತವೆ. ಕಲ್ಯಾಣ ಮಂಟಪದ ಗುಂಯ್‌ಗುಡುವ ಸಭಾಂಗಣಕ್ಕೆಂದು ಹೆಚ್ಚು ಬೆಲೆಯ ಸೂಪರ್‌ಕಾರ್ಡಿಯಾಯ್ಡ್ ಕೊಂಡು, ಹಾಡುವ ದೂರವನ್ನು ಮಾತ್ರ ಬದಲಿಸದೆ ಉಳಿದವರಿಗೆ ನಿರಾಸೆಯಾಗುವುದು ಇದೇ ಕಾರಣದಿಂದ. ಅವರಿಗೆ ಸಿಕ್ಕಿದ್ದು ಒಂದು ಡೆಸಿಬೆಲ್. ಮೂರು ಬೆರಳು ಹತ್ತಿರ ಬಂದಿದ್ದರೆ ಖರ್ಚಿಲ್ಲದೆ ಹನ್ನೆರಡು ಸಿಗುತ್ತಿತ್ತು. ಸೂಪರ್ ಮತ್ತು ಹೈಪರ್ ಮೈಕುಗಳು ನಿಜವಾಗಿ ಫಲ ಕೊಡುವುದು ಗದ್ದಲದ ಮೂಲ ಒಂದು ಗೊತ್ತಾದ ಜಾಗದಲ್ಲಿದ್ದು, ಆ ಜಾಗ ಅವುಗಳ ಕಿವುಡು ದಿಕ್ಕಿಗೆ ಸಿಕ್ಕಾಗ.

ಮಾನಿಟರ್ ಇಡುವ ಜಾಗ

ಮಾನಿಟರಿನ ಜಾಗ ಮೈಕಿನ ಜಾತಿಗೆ ತಕ್ಕಂತೆ ಬದಲಾಗಬೇಕು. ಇದನ್ನು ಮರೆತರೆ ಆಗುವ ಅನಾಹುತವನ್ನು ನಾನೇ ಅನುಭವಿಸಿದ್ದೇನೆ. ವರ್ಷಗಟ್ಟಲೆ ಕಾರ್ಡಿಯಾಯ್ಡ್ ಮೈಕಿನ ಬಾಲಕ್ಕೆ, ಅಂದರೆ ಕೇಬಲ್ ಸೇರುವ ತುದಿಗೆ, ನೇರವಾಗಿ ಮಾನಿಟರ್ ಇಟ್ಟು ರೂಢಿಯಾಗಿದ್ದ ನಾನು, ಒಂದು ಗಣೇಶೋತ್ಸವದ ರಸಮಂಜರಿಗೆ ಮೊದಲ ಬಾರಿ ಸೂಪರ್‌ಕಾರ್ಡಿಯಾಯ್ಡ್ ಒಯ್ದಿದ್ದೆ. ಮಾನಿಟರನ್ನು ಹಳೆಯ ಜಾಗದಲ್ಲೇ ಇಟ್ಟೆ. ಹೊಸ ಮೈಕ್ ಹಳೆಯದಕ್ಕಿಂತ ಬೇಗ ಕೂಗತೊಡಗಿತು, ಗಾಯಕಿಗೆ ತನ್ನ ದನಿ ಕೇಳಿಸದೆ ಎರಡು ಹಾಡು ಶ್ರುತಿ ಜಾರಿದವು. ಮೈಕಿನ ತಪ್ಪೇನೂ ಇರಲಿಲ್ಲ. ಅದರ ಬೆನ್ನು ತೆರೆದಿರುವುದನ್ನು ಗಮನಿಸದೆ ಅಲ್ಲಿಯೇ ಸದ್ದನ್ನು ಸುರಿದಿದ್ದೆ.

ನಿಂತು ಹಾಡುವವರ ಬಾಯಿ ವೇದಿಕೆಯ ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿದೆ ಎಂದೂ ಮಾನಿಟರ್ ಒಂದು ಮೀಟರ್ ಮುಂದೆ ನೆಲದ ಮೇಲಿದೆ ಎಂದೂ ಇಟ್ಟುಕೊಳ್ಳೋಣ. ಆಗ ಮೈಕಿನ ಜಾಗದಿಂದ ನೋಡಿದರೆ ಮಾನಿಟರ್ ಸಮತಲಕ್ಕಿಂತ ಸುಮಾರು 54 ಡಿಗ್ರಿ ಕೆಳಗಿರುತ್ತದೆ. ಮೈಕನ್ನು ನೆಲಕ್ಕೆ ಸಮಾನಾಂತರವಾಗಿ, ಬಾಲ ಸಭಿಕರ ಕಡೆಗೆ ನೆಟ್ಟಗೆ ಇರುವಂತೆ ಹಿಡಿದರೆ ಮಾನಿಟರಿನ ಸದ್ದು 180ರಲ್ಲಿ 54 ಕಳೆದು ಬರುವ 126 ಡಿಗ್ರಿಯಲ್ಲಿ ಬಂದು ಬಡಿಯುತ್ತದೆ; ಅದು ಸೂಪರ್‌ಕಾರ್ಡಿಯಾಯ್ಡಿನ ಕಿವುಡು ದಿಕ್ಕೇ ಆಗಿದೆ. ಕಾರ್ಡಿಯಾಯ್ಡ್ ಆದರೆ ಬಾಲವನ್ನು ಇಳಿಸಿ ಮಾನಿಟರಿನ ಕಡೆಗೇ ತಿರುಗಿಸಬೇಕು. ಆದ್ದರಿಂದ ಮೈಕನ್ನು ಅಡ್ಡಲಾಗಿ ಎತ್ತಿ ಹಾಡುವವರಿಗೆ ಸೂಪರ್‌ಕಾರ್ಡಿಯಾಯ್ಡ್ ಸಹಜವಾಗಿ ಹೊಂದುತ್ತದೆ, ಎದೆಯ ಕಡೆಯಿಂದ ಓರೆಯಾಗಿ ಹಿಡಿಯುವವರಿಗೆ ಕಾರ್ಡಿಯಾಯ್ಡ್ ಹೊಂದುತ್ತದೆ. ಹಾಡುಗಾರರ ಕೈಯ ರೂಢಿಯನ್ನು ಬದಲಿಸುವುದಕ್ಕಿಂತ ರೂಢಿಗೆ ತಕ್ಕ ಮೈಕ್ ಕೊಡುವುದು ಸುಲಭ. ಇಬ್ಬದಿಗೂ ಒಂದೊಂದು ಮಾನಿಟರ್ ಇಡುವ ದೊಡ್ಡ ವೇದಿಕೆಗೆ ಸೂಪರ್ ಅಥವಾ ಹೈಪರ್ ತಕ್ಕದ್ದು, ನಡುವೆ ಒಂದೇ ಮಾನಿಟರ್ ಇರುವಲ್ಲಿ ಕಾರ್ಡಿಯಾಯ್ಡ್ ನೆಮ್ಮದಿ ಕೊಡುತ್ತದೆ.

ವೇದಿಕೆಯ ಮೇಲೆ ಓಡಾಡಿ, ತಿರುಗಿ, ಕುಣಿಯುತ್ತ ಹಾಡುವವರ ಕೈಯಲ್ಲಿ ಈ ಕೋನಗಳು ಯಾವುವೂ ನಿಲ್ಲುವುದಿಲ್ಲ. ಅವರಿಗೆ ಕಾರ್ಡಿಯಾಯ್ಡ್ ಸಾಕು. ಮೈಕಿನ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಾಡುವ ಅಭ್ಯಾಸವಿದ್ದವರಿಗಂತೂ ಯಾವ ಜಾತಿಯೂ ಒಂದೇ, ಏಕೆಂದರೆ ಮೈಕಿಗೆ ದಿಕ್ಕಿನ ಅರಿವು ಬರುವುದು ಜಾಲರಿಯೊಳಗೆ ಹಿಂಬದಿಯಲ್ಲಿರುವ ರಂಧ್ರಗಳಿಂದ. ಅವುಗಳಿಗೆ ದನಿ ಹೋಗುವ ದಾರಿಯನ್ನು ಕೈಯಿಂದ ಮುಚ್ಚಿದರೆ ಮೈಕ್ ಎಲ್ಲ ದಿಕ್ಕಿನದನ್ನೂ ಕೇಳತೊಡಗುತ್ತದೆ ಮತ್ತು ಆ ಕ್ಷಣವೇ ಕೂಗುತ್ತದೆ.

ಚೆಂಡೆಯ ಪಕ್ಕದಲ್ಲಿ ಭಾಗವತರ ಮೈಕ್

ನನ್ನ ಅನುಭವದಲ್ಲಿ ಅತ್ಯಂತ ಕಠಿಣವಾದ ಪರೀಕ್ಷೆ ಯಕ್ಷಗಾನದ ಹಿಮ್ಮೇಳವೇ. ಡ್ರಮ್ ಸೆಟ್ಟನ್ನು ಹಿಂದಕ್ಕೆ ಸರಿಸಬಹುದು, ಗಿಟಾರಿನ ಆಂಪ್ಲಿಫೈಯರನ್ನು ತಗ್ಗಿಸಲು ಹೇಳಬಹುದು. ಚೆಂಡೆಯನ್ನು ತಗ್ಗಿಸಿ ಬಾರಿಸಿ ಎಂದರೆ ಯುದ್ಧದ ಪದವೇ ಸಪ್ಪೆಯಾಗುತ್ತದೆ. ಅದನ್ನು ದೂರ ಇಟ್ಟರೆ ಭಾಗವತರಿಗೂ ಚೆಂಡೆಯವರಿಗೂ ಇರಬೇಕಾದ ಕಣ್ಣಿನ ಸಂಬಂಧ ಕಡಿದುಹೋಗುತ್ತದೆ. ಜೊತೆಗೆ ಭಾಗವತರ ಎರಡೂ ಕೈಗಳು ಜಾಗಟೆಗೋ ತಾಳಕ್ಕೋ ಮೀಸಲಾಗಿರುವುದರಿಂದ ಮೈಕ್ ಸ್ಟ್ಯಾಂಡಿನ ಮೇಲೆಯೇ ಇರಬೇಕು. ರಾತ್ರಿ ಉದ್ದಕ್ಕೂ ವೇಷಧಾರಿಗಳ ಹೆಜ್ಜೆಯನ್ನು ನೋಡುತ್ತ ಅತ್ತಿತ್ತ ತಿರುಗುವ ತಲೆಗೆ ಅದು ಒದಗಬೇಕು.

ಇಲ್ಲಿ ಮೊದಲು ಗಮನಿಸಬೇಕಾದದ್ದು ಮೈಕಿನ ಮುಖ ಯಾವ ಕಡೆಗಿದೆ ಎಂಬುದು. ಭಾಗವತರು ಸಭೆಗೆ ಮುಖ ಮಾಡಿ ಕುಳಿತಿರುತ್ತಾರೆ, ಅವರ ಮುಂದಿನ ಮೈಕ್ ಅವರಿಗೆ ಮುಖ ಮಾಡಿರುತ್ತದೆ. ಆದ್ದರಿಂದ ಭಾಗವತರ ಬೆನ್ನ ಹಿಂದೆ ಇರುವುದೆಲ್ಲವೂ ಮೈಕಿನ ಕಣ್ಣಮುಂದೆ ಇರುತ್ತದೆ. ಚೆಂಡೆ ಅವರ ಸಾಲಿನಲ್ಲೇ ನೇರ ಪಕ್ಕದಲ್ಲಿದ್ದರೆ ಅದು ಮೈಕಿಗೆ ಸರಿಸುಮಾರು 90 ಡಿಗ್ರಿ. ಅರ್ಧ ಹೆಜ್ಜೆ ಹಿಂದೆ ಸರಿದು 60 ಡಿಗ್ರಿಗೆ ಬಂದರೆ ಕಾರ್ಡಿಯಾಯ್ಡ್ ಅದನ್ನು ಎರಡೂವರೆ ಡೆಸಿಬೆಲ್, ಹೈಪರ್ ನಾಲ್ಕು ಡೆಸಿಬೆಲ್ ಮಾತ್ರ ತಡೆಯುತ್ತದೆ. ಯಾವ ಮೈಕೂ ಅಲ್ಲಿ ನೆರವಿಗೆ ಬರುವುದಿಲ್ಲ. ಅದೇ ಚೆಂಡೆ ಅರ್ಧ ಹೆಜ್ಜೆ ಮುಂದಕ್ಕೆ ಬಂದು 120 ಡಿಗ್ರಿಯ ಸುಮಾರಿಗೆ ನಿಂತರೆ ಸಾಮಾನ್ಯ ಕಾರ್ಡಿಯಾಯ್ಡೇ 12 ಡೆಸಿಬೆಲ್ ತಡೆಯುತ್ತದೆ, ಸೂಪರ್‌ಕಾರ್ಡಿಯಾಯ್ಡ್ ಲೆಕ್ಕದ ಪ್ರಕಾರ 20 ಡೆಸಿಬೆಲ್ ದಾಟುತ್ತದೆ. ಚೆಂಡೆಯವರನ್ನು ವಿನಯದಿಂದ ಕೇಳಿಕೊಂಡು ಒಂದು ಹೆಜ್ಜೆಯಷ್ಟು ಜಾಗ ಬದಲಾಯಿಸಿದ್ದರಿಂದ ಸಿಗುವ ಲಾಭ, ಎಷ್ಟೇ ಬೆಲೆಯ ಮೈಕಿನಿಂದಲೂ ಸಿಗುವುದಿಲ್ಲ. ಅದು ಸಾಧ್ಯವೇ ಇಲ್ಲದ ರಂಗಸ್ಥಳದಲ್ಲಿ, ಚೆಂಡೆ ನೇರ ಪಕ್ಕದಲ್ಲೇ ಉಳಿಯುವುದಾದರೆ, ಹೈಪರ್‌ಕಾರ್ಡಿಯಾಯ್ಡ್ ಕೊಡುವ 12 ಡೆಸಿಬೆಲ್ ಅಮೂಲ್ಯ. ಸ್ಟ್ಯಾಂಡನ್ನು ಚೆಂಡೆಯ ಕಡೆಯಿಂದ ಇಟ್ಟು ಮೈಕಿನ ಬಾಲ ಸ್ವಲ್ಪ ಆ ಕಡೆಗೆ ಓರೆಯಾಗುವಂತೆ ಮಾಡುವುದೂ ಅದೇ ಕೆಲಸವನ್ನು ಬೇರೆ ದಾರಿಯಿಂದ ಮಾಡುತ್ತದೆ.

ಹೈಪರ್‌ಕಾರ್ಡಿಯಾಯ್ಡಿಗೆ ತೆರಬೇಕಾದ ಬೆಲೆಯೂ ಇದೆ. ಅದರ ಮುಂದಿನ ಕಿಂಡಿ ಕಿರಿದು. ಭಾಗವತರು ವೇಷಧಾರಿಯನ್ನು ನೋಡಲು ತಲೆ ತಿರುಗಿಸಿ ಜಾಲರಿಯ ನೇರದಿಂದ ಸರಿದರೆ ಪದದ ಒಂದು ಅಕ್ಷರ ಕೇಳಿ ಮತ್ತೊಂದು ಕೇಳದಂತಾಗುತ್ತದೆ. ಸ್ಥಿರವಾಗಿ ಕುಳಿತು ಹಾಡುವವರಿಗೆ ಹೈಪರ್, ತಲೆಯಾಡಿಸಿ ಭಾವದಲ್ಲಿ ಮುಳುಗಿ ಹಾಡುವವರಿಗೆ ಸೂಪರ್ ಅಥವಾ ಕಾರ್ಡಿಯಾಯ್ಡ್ ಎಂದು ನಾನು ಆರಿಸುತ್ತೇನೆ. ಒಂದೇ ಮೇಳದ ಇಬ್ಬರು ಭಾಗವತರಿಗೆ ಬೇರೆ ಬೇರೆ ಮೈಕ್ ಇಡಬೇಕಾಗಿ ಬಂದರೆ ಅದರಲ್ಲಿ ಸಂಕೋಚ ಪಡಬೇಕಾದದ್ದೇನೂ ಇಲ್ಲ.

ಹಿಮ್ಮೇಳದ ಹಿಂದೆ ಬಿಗಿದ ಫ್ಲೆಕ್ಸ್ ಬ್ಯಾನರಾಗಲಿ ಬೋಳು ಗೋಡೆಯಾಗಲಿ ಇದ್ದರೆ ಚೆಂಡೆಯ ಪೆಟ್ಟು ಅದಕ್ಕೆ ಬಡಿದು ನೇರವಾಗಿ ಮೈಕಿನ ಮುಖಕ್ಕೆ ಮರಳುತ್ತದೆ. ಅಲ್ಲಿ ದಪ್ಪ ಬಟ್ಟೆಯ ಪರದೆಯನ್ನು ಮಡಿಕೆ ಮಡಿಕೆಯಾಗಿ ಇಳಿಬಿಟ್ಟರೆ ಪದದ ಸಾಹಿತ್ಯ ಎಷ್ಟೋ ತಿಳಿಯಾಗುತ್ತದೆ. ಇನ್ನೊಂದು ಮಾತು: ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಫೀಡ್‌ಬ್ಯಾಕಿಗೆ ಮುಂಚಿನ ಅವಕಾಶ 3 ಡೆಸಿಬೆಲ್ ಕುಗ್ಗುತ್ತದೆ. ಸಣ್ಣ ಸಭೆಯಲ್ಲಿ ಚೆಂಡೆಗೆ ಪ್ರತ್ಯೇಕ ಮೈಕ್ ಇಡುವ ಅಗತ್ಯವೇ ಇಲ್ಲ, ಭಾಗವತರ ಮೈಕ್ ಹೇಗೂ ಅದನ್ನು ಸಾಕಷ್ಟು ಹಿಡಿದಿರುತ್ತದೆ. ಮದ್ದಳೆಗೆ ಮಾತ್ರ ಬೇಕು.

ಮಾರುಕಟ್ಟೆಯಲ್ಲಿರುವ ಮೈಕುಗಳು

ಈಗ ಹೆಸರುಗಳಿಗೆ ಬರಬಹುದು. ಶೂರ್ ಕಂಪನಿಯ ಎಸ್‌ಎಂ58 1966ರಲ್ಲಿ ಬಂದ ಕಾರ್ಡಿಯಾಯ್ಡ್. ಅಂದಿನಿಂದ ಇಂದಿನವರೆಗೆ ಪ್ರಪಂಚದ ವೇದಿಕೆಗಳಲ್ಲಿ ಅದು ಅಳತೆಗೋಲಿನಂತೆ ನಿಂತಿದೆ. 50 ಹರ್ಟ್ಜ್‌ನಿಂದ 15 ಕಿಲೋಹರ್ಟ್ಜ್‌ವರೆಗೆ ಕೇಳುವ ಇದರಲ್ಲಿ 100 ಹರ್ಟ್ಜ್‌ನ ಕೆಳಗೆ ಬೇಕೆಂದೇ ಇಳಿಜಾರು ಕೊಟ್ಟಿದ್ದಾರೆ. ಇದಕ್ಕೆ ಕಾರಣವಿದೆ: ದಿಕ್ಕು ಬಲ್ಲ ಯಾವ ಮೈಕಿಗೂ ಬಾಯಿ ತೀರಾ ಹತ್ತಿರ ತಂದರೆ ಮಂದ್ರದ ಸದ್ದು ಉಬ್ಬುತ್ತದೆ, ಎಸ್‌ಎಂ58ರಲ್ಲಿ ಜಾಲರಿಯಿಂದ 6 ಮಿಲಿಮೀಟರ್ ದೂರಕ್ಕೆ ಈ ಉಬ್ಬು 100 ಹರ್ಟ್ಜ್‌ನ ಕೆಳಗೆ 6ರಿಂದ 10 ಡೆಸಿಬೆಲ್‌ನಷ್ಟಿರುತ್ತದೆ, ಮತ್ತು ಆ ಇಳಿಜಾರು ಉಬ್ಬನ್ನು ಬಹುಪಾಲು ಸರಿತೂಗಿಸುತ್ತದೆ. ಪೊರೆ, ಸುರುಳಿಗಳಿರುವ ಒಳಗಿನ ಕ್ಯಾಪ್ಸೂಲನ್ನು ಗಾಳಿಯ ಮೆತ್ತೆಯ ಮೇಲೆ ಕೂರಿಸಿರುವುದರಿಂದ ಕೈ ಬದಲಿಸುವ, ಸ್ಟ್ಯಾಂಡ್ ಅಲುಗುವ ಸದ್ದು ಕಡಿಮೆ; ಮರದ ಹಲಗೆಯ ರಂಗದ ಮೇಲೆ ವೇಷಗಳು ಧಿಗಿಣ ಹೊಡೆಯುವಾಗ ಇದರ ಬೆಲೆ ತಿಳಿಯುತ್ತದೆ. ಇದರ ಕೊರತೆ ಎಂದರೆ ಹೆಚ್ಚು ಶ್ರುತಿಯ ಹೊಳಪು. ಎದುರು ಮೃದುವಾಗಿ ಹಾಡುವವರಿದ್ದರೆ ದನಿ ಸ್ವಲ್ಪ ಮುಸುಕಿದಂತೆ ಕೇಳುತ್ತದೆ, ಮಿಕ್ಸರಿನ ಈಕ್ವಲೈಜರಿನಲ್ಲಿ ಆ ಶ್ರುತಿಗಳನ್ನು ಎತ್ತಬೇಕಾಗುತ್ತದೆ.

ಅದೇ ಕಂಪನಿಯ ಬೀಟಾ 58ಎ ಸೂಪರ್‌ಕಾರ್ಡಿಯಾಯ್ಡ್. ನಿಯೋಡೈಮಿಯಂ ಅಯಸ್ಕಾಂತ ಇರುವುದರಿಂದ ದನಿಯ ಒತ್ತಡದ ಪ್ರತಿ ಪಾಸ್ಕಲ್‌ಗೆ ಎಸ್‌ಎಂ58 ಕೊಡುವ 1.85 ಮಿಲಿವೋಲ್ಟಿಗೆ ಎದುರಾಗಿ ಇದು 2.6 ಮಿಲಿವೋಲ್ಟ್ ಕೊಡುತ್ತದೆ, ದನಿಯಲ್ಲಿ ಹೊಳಪೂ ಹೆಚ್ಚು. ಜೋರಾದ ಬ್ಯಾಂಡಿನ ನಡುವೆ ಗಂಡುದನಿ ಎದ್ದು ಕೇಳಲು ಇದು ಬಹಳ ಒಳ್ಳೆಯದು. ಆದರೆ ಮೊದಲೇ ತೀಕ್ಷ್ಣವಾಗಿರುವ ಕಂಠಕ್ಕೆ, ಏರುಶ್ರುತಿಯಲ್ಲಿ ಹಾಡುವ ಭಾಗವತರಿಗೆ, ‘ಸ’ಕಾರ ‘ಶ’ಕಾರಗಳು ಕಿವಿಗೆ ಚುಚ್ಚುವ ಸಂಭವವಿದೆ. ಇದು ನನ್ನ ಕಿವಿಯ ತೀರ್ಪು.

ಸೆನ್‌ಹೈಸರ್ ಕಂಪನಿಯ ಇ 835 ಕಾರ್ಡಿಯಾಯ್ಡ್, ಇ 845 ಸೂಪರ್‌ಕಾರ್ಡಿಯಾಯ್ಡ್. ಇವೇ ಕ್ರಮದಲ್ಲಿ ಮೇಲಿನ ದರ್ಜೆಯವು ಇ 935 ಮತ್ತು ಇ 945. ಎಸ್‌ಎಂ58ರ ಬದಲಿಗೆ ನೋಡಬೇಕಾದ ಮೊದಲ ಮೈಕ್ ಇ 835. ದನಿ ಇನ್ನಷ್ಟು ತೆರೆದುಕೊಂಡಿರುತ್ತದೆ, 2.7 ಮಿಲಿವೋಲ್ಟಿನಷ್ಟು ಹೊರಹರಿವು ಇರುವುದರಿಂದ ಸಣ್ಣ ಮಿಕ್ಸರಿಗೂ ಹೊರೆಯಾಗುವುದಿಲ್ಲ, ಹಾಡುವವರು ಸ್ವಲ್ಪ ಹಿಂದೆ ಮುಂದೆ ಆದರೂ ದನಿಯ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಮೈಕ್ ಬಳಸಿ ರೂಢಿಯಿಲ್ಲದವರು ಸರದಿಯ ಮೇಲೆ ಹಾಡುವ ಊರಿನ ಕಾರ್ಯಕ್ರಮಗಳಿಗೆ ನಾನು ಇದನ್ನೇ ಇಡುತ್ತೇನೆ. ಗದ್ದಲದ ರಂಗಕ್ಕೆ ಹಣ ಕೂಡಿಸಿ ಒಂದೇ ಒಳ್ಳೆಯ ಮೈಕ್ ಕೊಳ್ಳುವವರಿಗೆ ನನ್ನ ಮೊದಲ ಸಲಹೆ ಇ 945. ಅದರ ಹೊಳಪಿನಲ್ಲಿ ಚುಚ್ಚು ಕಡಿಮೆ, ಬದಿಯಿಂದ ಬರುವ ಸದ್ದು ಒಳಗೆ ಸೇರಿದರೂ ಕರ್ಕಶವಾಗಿ ಸೇರುವುದಿಲ್ಲ. ಸೋರಿಕೆಯನ್ನು ಪೂರ್ತಿ ತಡೆಯಲಾಗದ ಹಿಮ್ಮೇಳದಲ್ಲಿ, ಸೋರಿಬಂದ ಚೆಂಡೆ ಚೆಂಡೆಯಂತೆಯೇ ಕೇಳುವುದೂ ಮುಖ್ಯವಾಗುತ್ತದೆ.

ಆಡಿಕ್ಸ್ ಕಂಪನಿಯ ಓಎಂ7 ಅತಿ ಜೋರಿನ ವೇದಿಕೆಗೆಂದೇ ರೂಪಿಸಿದ ಹೈಪರ್‌ಕಾರ್ಡಿಯಾಯ್ಡ್. ಅದರ ಹೊರಹರಿವನ್ನು ಬೇಕೆಂದೇ ಕಡಿಮೆ ಇಟ್ಟಿರುವುದರಿಂದ ಮಿಕ್ಸರಿನಲ್ಲಿ ಗೇನನ್ನು ಎಸ್‌ಎಂ58ಗಿಂತ ಗಣನೀಯವಾಗಿ ಏರಿಸಬೇಕು. ತುಟಿ ಜಾಲರಿಗೆ ತಾಗುವಷ್ಟು ಹತ್ತಿರದಿಂದ, ಗಟ್ಟಿ ಕಂಠದಿಂದ ಹಾಡುವವರಿಗೆ ಇದಕ್ಕಿಂತ ಮಿಗಿಲಾದದ್ದನ್ನು ನಾನು ಕೇಳಿಲ್ಲ. ಮೆಲುದನಿಯವರ ಕೈಗೆ ಕೊಟ್ಟರೆ ಅದೇ ಮೈಕ್ ಸತ್ತಂತಿರುತ್ತದೆ. ಅಗ್ಗದ ಮಿಕ್ಸರಿನಲ್ಲಿ ಗೇನ್ ತುದಿಗೇರಿಸಿದಾಗ ಬರುವ ‘ಸುಂಯ್’ ಸದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಕೆಜಿಯ ಡಿ5 ಮಧ್ಯಮ ಬೆಲೆಯಲ್ಲಿ ಸಿಗುವ ಸೂಪರ್‌ಕಾರ್ಡಿಯಾಯ್ಡ್, ಬೀಟಾ 58ಎ ಕೈಗೆಟುಕದವರು ಅದನ್ನು ಕೇಳಿ ನೋಡಬಹುದು. ನಮ್ಮ ಊರುಗಳ ಮೈಕಿನವರ ಪೆಟ್ಟಿಗೆಗಳಲ್ಲಿ ಇಂದಿಗೂ ಸಾಮಾನ್ಯವಾಗಿರುವ ಆಹುಜಾ ಮೈಕುಗಳು ಮಾತಿಗೆ, ಭಜನೆಗೆ ಚೆನ್ನಾಗಿಯೇ ಒದಗುತ್ತವೆ. ಚೆಂಡೆಯ ಪಕ್ಕದ ಗಾಯನಕ್ಕೆ ಮಾತ್ರ ಮೇಲೆ ಹೇಳಿದವುಗಳಲ್ಲಿ ಒಂದನ್ನು ಇಟ್ಟುಕೊಳ್ಳುವುದು ಒಳಿತು.

ಕೇಬಲ್, ಸ್ವಿಚ್, ಅಸಲಿ ನಕಲಿ

ಒಳ್ಳೆಯ ಮೈಕ್ ಕೊಂಡು ಒಂದು ತುದಿಗೆ ಪಿ-38 ಎಂಬ ಕಾಲು ಇಂಚಿನ ಪ್ಲಗ್ ಇರುವ ಹಳೆಯ ವೈರಿನಲ್ಲಿ ಅದನ್ನು ಬಳಸುವುದು ಹಣವನ್ನು ನೀರಿಗೆ ಹಾಕಿದಂತೆ. ಎರಡೂ ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರುವ ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ದನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಸಾಗುತ್ತದೆ. ದಾರಿಯಲ್ಲಿ ಸೀರಿಯಲ್ ಲೈಟಿನ ವೈರು, ಜನರೇಟರಿನ ಕೇಬಲ್ ಇವುಗಳಿಂದ ಸೇರಿಕೊಂಡ ಗುಂಯ್ ಸದ್ದು ಎರಡರಲ್ಲೂ ಒಂದೇ ರೀತಿ ಇರುವುದರಿಂದ ಮಿಕ್ಸರಿನ ಬಾಗಿಲಲ್ಲಿ ಅದು ಕಳೆದುಹೋಗುತ್ತದೆ. ಜಾತ್ರೆಯ ಬಯಲಿನಲ್ಲಿ ಮೂವತ್ತು ನಲವತ್ತು ಮೀಟರ್ ಕೇಬಲ್ ಎಳೆಯುವವರಿಗೆ ಇದು ಅನಿವಾರ್ಯ. ಕೇಬಲ್ ಸರಿಯಿದ್ದರೆ ಕಂಡೆನ್ಸರ್ ಮೈಕಿಗೆಂದು ಮಿಕ್ಸರ್ ಕಳಿಸುವ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಆನ್ ಆಗಿದ್ದರೂ ಡೈನಮಿಕ್ ಮೈಕಿಗೆ ತೊಂದರೆಯಿಲ್ಲ.

ಆನ್ ಆಫ್ ಸ್ವಿಚ್ ಇರುವ ಮೈಕನ್ನು ಗದ್ದಲದ ರಂಗಕ್ಕೆ ನಾನು ಒಯ್ಯುವುದಿಲ್ಲ. ಕತ್ತಲಲ್ಲಿ ಯಾರದೋ ಬೆರಳು ತಾಗಿ ಆಫ್ ಆದರೆ ಮಿಕ್ಸರಿನ ಬಳಿ ಕುಳಿತವರು ಕಾರಣ ಹುಡುಕುವಷ್ಟರಲ್ಲಿ ಒಂದು ಪದ ಮುಗಿದಿರುತ್ತದೆ.

ಎಸ್‌ಎಂ58ಗೆ ನಕಲಿಗಳ ಕಾಟ ಬಹಳ. ಮುಖಬೆಲೆಯ ಅರ್ಧಕ್ಕೆ ‘ಹೊಸದು’ ಎಂದು ಯಾರಾದರೂ ಕೊಟ್ಟರೆ ಅನುಮಾನಿಸಲೇಬೇಕು. ಅಸಲಿಯ ತೂಕ ಕೇಬಲ್ ಬಿಟ್ಟು 298 ಗ್ರಾಂ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ನೋಡಬಹುದು, ತೀರಾ ಹಗುರವಾಗಿದ್ದರೆ ಬಿಟ್ಟುಬಿಡುವುದು ಲೇಸು. ಅಧಿಕೃತ ಮಾರಾಟಗಾರರಿಂದ ಬಿಲ್ಲಿನೊಂದಿಗೆ ಕೊಂಡರೆ ಈ ಚಿಂತೆಯೇ ಇಲ್ಲ. ಅಸಲಿ ಮೈಕಿಗೆ ಜಾಲರಿ, ಕ್ಯಾಪ್ಸೂಲ್ ಎರಡೂ ಬಿಡಿಭಾಗಗಳಾಗಿ ಸಿಗುತ್ತವೆ; ಆರ್59 ಎಂಬ ಕ್ಯಾಪ್ಸೂಲ್ ಹಾಕಿಸಿದರೆ ಹಳೆಯ ಎಸ್‌ಎಂ58 ಮತ್ತೆ ಹೊಸದಾಗುತ್ತದೆ. ಬಿದ್ದು ಜಾಲರಿ ತಗ್ಗಾದರೆ ಗಾಬರಿ ಬೇಡ, ಪೆಟ್ಟನ್ನು ತಾನು ತಿಂದು ಒಳಗಿನದನ್ನು ಉಳಿಸುವುದೇ ಅದರ ಕೆಲಸ. ಇಡೀ ರಾತ್ರಿಯ ಆಟದ ಮರುದಿನ ಜಾಲರಿಯನ್ನು ತಿರುಗಿಸಿ ಬಿಚ್ಚಿ, ಒಳಗಿನ ಸ್ಪಂಜಿನೊಂದಿಗೆ ಸಾಬೂನಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಉಸಿರಿನ ತೇವ, ಧೂಳು ಸೇರಿ ಗಟ್ಟಿಯಾದ ಸ್ಪಂಜು ದನಿಯನ್ನು ಮುಸುಕು ಮಾಡುತ್ತದೆ, ಎಷ್ಟೋ ಬಾರಿ ‘ಮೈಕ್ ಹಳೆಯದಾಯಿತು’ ಎಂದು ಬಿಸುಟಿದ್ದರ ಹಿಂದೆ ಇಷ್ಟೇ ಇರುತ್ತದೆ.

ಕೊಳ್ಳುವ ಮುನ್ನ ಒಂದು ಪ್ರಯೋಗ

ಸಾಧ್ಯವಾದರೆ ಎರಡು ಮೈಕುಗಳನ್ನು ಬಾಡಿಗೆಗೋ ಕಡಕ್ಕೋ ತಂದು ಅಭ್ಯಾಸದ ದಿನ ನಿಮ್ಮ ರಂಗದಲ್ಲೇ ಹೋಲಿಸಿ ನೋಡಿ. ಎರಡನ್ನೂ ಒಂದರ ಪಕ್ಕ ಒಂದು ಕಟ್ಟಿ, ಈಕ್ವಲೈಜರ್ ಮುಟ್ಟದೆ, ಹಾಡುಗಾರರ ದನಿ ಎರಡರಲ್ಲೂ ಮೀಟರಿನಲ್ಲಿ ಒಂದೇ ಮಟ್ಟ ತೋರುವಂತೆ ಗೇನ್ ಹೊಂದಿಸಿ. ಅನಂತರ ಹಾಡುಗಾರರನ್ನು ಸುಮ್ಮನಿರಲು ಹೇಳಿ, ಚೆಂಡೆಯವರಿಗೋ ಡ್ರಮ್ಮಿನವರಿಗೋ ಪೂರ್ಣ ಬಲದಿಂದ ಬಾರಿಸಲು ಹೇಳಿ. ಯಾವ ಮೈಕಿನ ಮೀಟರ್ ಕಡಿಮೆ ಏರುತ್ತದೋ ಅದು ನಿಮ್ಮ ರಂಗಕ್ಕೆ ಒಪ್ಪುವ ಮೈಕ್. ಆ ಸೋರಿಕೆಯನ್ನು ಹೆಡ್‌ಫೋನಿನಲ್ಲಿ ಕೇಳಿ, ಅದು ಕರ್ಕಶವಾಗಿದೆಯೋ ಸಹ್ಯವಾಗಿದೆಯೋ ಎಂದೂ ಗಮನಿಸಿ. ಮೂರನೆಯದಾಗಿ ಮಾನಿಟರನ್ನು ಆಯಾ ಮೈಕಿಗೆ ಸರಿಯಾದ ಕೋನದಲ್ಲಿ ಇಟ್ಟು, ಮೈಕ್ ಕೂಗತೊಡಗುವವರೆಗೂ ನಿಧಾನವಾಗಿ ಏರಿಸಿ, ಎಲ್ಲಿಗೆ ಕೂಗಿತೆಂದು ಬರೆದುಕೊಳ್ಳಿ. ಮಂದ್ರದ ಸದ್ದನ್ನು ಕತ್ತರಿಸುವ ಹೈ ಪಾಸ್ ಫಿಲ್ಟರನ್ನು ಗಂಡುದನಿಗೆ 100ರಿಂದ 120 ಹರ್ಟ್ಜ್‌ಗೆ, ಹೆಣ್ಣುದನಿಗೆ 150 ಹರ್ಟ್ಜ್‌ಗೆ ಹಾಕಿ ಮತ್ತೊಮ್ಮೆ ಇದನ್ನೇ ಮಾಡಿ. ಅರ್ಧ ಗಂಟೆಯ ಈ ಕೆಲಸವನ್ನು ಹಾಡುವವರ ಎದುರಿನಲ್ಲೇ ಮಾಡಿದರೆ, ಒಂದು ಬೆರಳು ದೂರದಿಂದ ಹಾಡಬೇಕು ಎಂದು ಅವರಿಗೆ ಬಾಯಿಮಾತಿನಲ್ಲಿ ಹೇಳಬೇಕಾಗುವುದಿಲ್ಲ. ಮೀಟರಿನಲ್ಲಿ ಅವರೇ ಅದನ್ನು ಕಂಡಿರುತ್ತಾರೆ.